ಓ ಅನ್ನಬೇಡ

ಮೊಬೈಲ್ ಟವರ್‌ಗೆ ಜಾಗ ನೋಡಲು ಅಂಬಾಜಿದುರ್ಗ ಹತ್ತಿದ ದಿನ ನಾನು ಒಂದು ಕಾದಂಬರಿಯ ಗುಂಗಿನಲ್ಲಿದ್ದೆ. ಹೆದರಿಕೆ ಎಲ್ಲಿದೆಯೋ ಅತ್ತಲೇ ನಡೆಯಬೇಕು ಅನ್ನುವುದು ಅದರ ನಾಯಕ ಕಲಿಯುವ ಪಾಠ. ಚಿಂತಾಮಣಿಯ ಬಸ್ಸಿನಲ್ಲಿ ಅದನ್ನು ಓದಿ ಮುಗಿಸಿದಾಗ ನನಗೂ ಹೊಸ ಹುರುಪು ಬಂದಿತ್ತು.

ಬೆಳಗಿನ ಮಂಜು ದಟ್ಟವಾಗಿ ಕವಿದಿತ್ತು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಮುಂದಿನಿಂದ ಹೆಂಗಸೊಬ್ಬಳ ದನಿ ನನ್ನ ಹೆಸರು ಹಿಡಿದು ಕರೆಯಿತು. ಆ ಕಡೆ ನನ್ನ ಹೆಸರು ಯಾರಿಗೂ ತಿಳಿದಿರಲಿಲ್ಲ. ಮೈ ಜುಮ್ಮೆಂದಿತು. ನಾಯಕನಿಗೆ ಬಂದ ಗಳಿಗೆ ನನಗೂ ಬಂತು ಅಂದುಕೊಂಡು ದನಿಯತ್ತಲೇ ಹೆಜ್ಜೆ ಹಾಕಿದೆ.

ಹಿಂದಿನಿಂದ ಯಾರೋ ನನ್ನ ಬ್ಯಾಗ್ ಹಿಡಿದು ಜಗ್ಗಿದರು. ತಿರುಗಿ ನೋಡಿದರೆ ಮೇಕೆ ಮೇಯಿಸುವ ಒಬ್ಬ ಅಜ್ಜಿ.

"ಎಲ್ಲಿಗಪ್ಪ ಹೋಗ್ತೀಯ? ಬಂಡೆ ಅಲ್ಲಿಗೇ ಮುಗೀತದೆ, ಆಮೇಲೆ ಬರೀ ಪಾತಾಳ."

"ಯಾರೋ ಕರೀತಿದ್ದಾರಲ್ಲಜ್ಜಿ. ಓ ಅನ್ನಲಾ?"

ಅವಳು ಥಟ್ಟನೆ ನನ್ನ ಬಾಯಿ ಮುಚ್ಚಿದಳು. ಗಾಬರಿಗೆ ಅವಳ ಮಾತು ತೆಲುಗಿಗೆ ಜಾರಿತು. "ಪಲಕೊದ್ದು ನಾಯನಾ, ಓ ಅನ್ಬೇಡ."

ದನಿ ಮತ್ತೆ ಕರೆಯಿತು, ಈ ಸಲ ಇನ್ನೂ ಅಕ್ಕರೆಯಿಂದ. ಅಜ್ಜಿ ನನ್ನ ಕೈ ಬಿಡದೆ ಕೆಳಗೆ ಕರೆದುಕೊಂಡು ಬಂದಳು. ರಸ್ತೆ ಕಂಡ ಮೇಲೆ ಕೇಳಿದೆ, "ಅದು ಯಾರಜ್ಜಿ?"

"ಯಾರಿಗೆ ಗೊತ್ತಪ್ಪ? ಓ ಅಂದು ಹೋದೋರು ವಾಪಸ್ ಬಂದು ಹೇಳ್ಬೇಕಲ್ಲ."

ಆ ಜಾಗ ಸಿಗ್ನಲ್‌ಗೆ ಸರಿಬರುವುದಿಲ್ಲ ಎಂದು ಆಫೀಸಿಗೆ ವರದಿ ಕೊಟ್ಟೆ. ಅಲ್ಲಿ ಆಗಲೇ ಯಾರೋ ಕರೆ ಮಾಡುತ್ತಿದ್ದಾರೆ ಎಂದು ಹೇಳುವಷ್ಟು ಧೈರ್ಯವನ್ನು ಆ ಕಾದಂಬರಿ ಕಲಿಸಿರಲಿಲ್ಲ.