ಧರ್ಮೇಂದ್ರ ಮುಚ್ಚಿದ ಫೈಲು

ಚಾಮರಾಜಪೇಟೆಯ ಒಂದು ಲಗ್ನಪತ್ರಿಕೆ ಪ್ರೆಸ್ಸಿನಲ್ಲಿ ಆರ್ಡರುಗಳನ್ನು ನೋಡಿಕೊಳ್ಳುತ್ತಿದ್ದವಳು ವಿನುತಾ. ಅವಳದು ವಿಂಡೋಸ್ ಕಂಪ್ಯೂಟರ್; ಒಳಕೋಣೆಯಲ್ಲಿ ಪತ್ರಿಕೆ ವಿನ್ಯಾಸ ಮಾಡುವ ಧರ್ಮೇಂದ್ರನದು ಮ್ಯಾಕ್. ಆರ್ಡರುಗಳ ಎಕ್ಸೆಲ್ ಫೈಲು ಮಾತ್ರ ನೆಟ್‌ವರ್ಕಿನ ಮೂಲಕ ಇಬ್ಬರಿಗೂ ಒಂದೇ. 2003ರ ಮದುವೆ ಹಂಗಾಮಿನಲ್ಲಿ ಅದು ಕಾಟ ಕೊಡತೊಡಗಿತು. ಅವಳು ತೆರೆದಾಗಲೆಲ್ಲ, ಧರ್ಮೇಂದ್ರ ಬಳಸುತ್ತಿದ್ದಾನೆ, ಫೈಲು ಲಾಕ್ ಆಗಿದೆ ಎಂಬ ಸಂದೇಶ.

"ನಾನ್ ಆಗ್ಲೇ ಕ್ಲೋಸ್ ಮಾಡಿದೀನಿ ಮೇಡಂ," ಎನ್ನುತ್ತಿದ್ದ ಅವನು.

ಒಮ್ಮೆ ಗಿರಾಕಿಯೊಬ್ಬರು ಫೋನಿನಲ್ಲಿ ಮುಹೂರ್ತ ಬದಲಾಯಿತೆಂದರು. ಫೈಲು ಲಾಕ್ ಆಗಿತ್ತು. ಆಮೇಲೆ ತಿದ್ದೋಣವೆಂದು ಬಿಟ್ಟದ್ದು ಗದ್ದಲದಲ್ಲಿ ಮರೆತೇಹೋಯಿತು. ಪತ್ರಿಕೆಗಳು ಹಳೆಯ ಮುಹೂರ್ತದಲ್ಲೇ ಅಚ್ಚಾದವು. ಮಾಲೀಕ ದೊಡ್ಡಬೈರಪ್ಪನವರು ಇಬ್ಬರನ್ನೂ ಕರೆದು ಕೂಗಾಡಿದಾಗ ವಿನುತಾ, "ಇವ್ರು ಸುಳ್ಳು ಹೇಳ್ತಾರೆ ಸಾರ್, ಫೈಲ್ ತೆರೆದಿಟ್ಕೊಂಡೇ ಇರ್ತಾರೆ," ಎಂದುಬಿಟ್ಟಳು. ಧರ್ಮೇಂದ್ರ ಬ್ಯಾಗು ಹೆಗಲಿಗೇರಿಸಿ ಹೊರಟುಹೋದ.

ಅವನು ಮತ್ತೆ ಕೆಲಸಕ್ಕೆ ಬರದಿದ್ದರಿಂದ ಮರುವಾರ ಮ್ಯಾಕಿನ ಮುಂದೆ ಅವಳೇ ಕೂರಬೇಕಾಯಿತು. ಫೈಲು ನೋಡಿ, ತಾನೇ ಮುಚ್ಚಿ, ತನ್ನ ಮೇಜಿಗೆ ಬಂದು ತೆರೆದಳು. ಅದೇ ಸಂದೇಶ, ಅದೇ ಧರ್ಮೇಂದ್ರನ ಹೆಸರು. ಮುಚ್ಚಿದ ಮೇಲೂ ಮ್ಯಾಕ್ ಫೈಲನ್ನು ಬಿಡುತ್ತಿರಲಿಲ್ಲ. ಮ್ಯಾಕಿನ ನೆಟ್‌ವರ್ಕ್ ತಂತಿ ಕಿತ್ತು ಸ್ವಲ್ಪ ಹೊತ್ತಾದ ಮೇಲಷ್ಟೇ ಅದು ತೆರೆದುಕೊಂಡಿತು.

ದೊಡ್ಡಬೈರಪ್ಪನವರಿಗೆ ಎಲ್ಲ ಹೇಳಿ, ಸಂಜೆ ಎನ್.ಆರ್. ಕಾಲೋನಿಯಲ್ಲಿದ್ದ ಧರ್ಮೇಂದ್ರನ ಮನೆಗೆ ಹೋದಳು.

"ನೀವ್ ಹೇಳಿದ್ದೇ ನಿಜ. ನಂದೇ ತಪ್ಪು. ವಾಪಸ್ ಬನ್ನಿ, ಸಾರ್ ಕೂಡ ಕರೀತಿದಾರೆ."

"ಕಂಪ್ಯೂಟರ್ ಹೇಳಿದ್ಮೇಲೆ ನಂಬಿದ್ರಿ, ಅಲ್ವಾ ಮೇಡಂ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಚುಚ್ಚಿತು. ಕಾಫಿ ಕೊಟ್ಟು, ಗೇಟಿನವರೆಗೂ ಬಂದು ಕಳಿಸಿದ. ಕೆಲಸಕ್ಕೆ ಮಾತ್ರ ಬರಲಿಲ್ಲ.