ಆಟೋ ಗಾಡಿಯ ರೇಡಿಯೇಟರ್

ಜಹೀರಾಬಾದಿನಲ್ಲಿ ಆಟೋ ಅಂದರೆ ಮೂರು ಗಾಲಿಯದು. ಈ ವಿಷಯದಲ್ಲಿ ಆ ಊರಿನವರಿಗೆ ಯಾವ ಅನುಮಾನವೂ ಇಲ್ಲ. ಇಷ್ಟು ವರ್ಷ ಅದೇ ಊರಿನ ಮೇಲೆ ತವರಿಗೆ ಓಡಾಡಿದ ನಾನು ಮಾತ್ರ ಅದನ್ನು ಮರೆತು, ಬಿಡಿಭಾಗಗಳ ಅಂಗಡಿಗೆ ಫೋನು ಮಾಡಿ, "ಭಾಯ್, ಆಟೋ ಗಾಡಿದು ರೇಡಿಯೇಟರ್ ಬೇಕಾಗ್ಯದ" ಎಂದುಬಿಟ್ಟೆ. "ಅದ ಅಕ್ಕಾ, ಹೊಸಾದೇ ಅದ. ಯಾರನ್ನರೆ ಕಳಸ್ರಿ" ಎಂದು ಆತ ಖುಷಿಯಿಂದಲೇ ಹೇಳಿದ.

ನಾನು ಹೇಳಿದ್ದು ನನ್ನ ಕಾರಿನ ವಿಷಯ. ಅದು ಆಟೋಮ್ಯಾಟಿಕ್ ಕಾರು, ಅದಕ್ಕೆ ಕ್ಲಚ್ ಇಲ್ಲ, ಎಡಗಾಲಿಗೆ ಅದರಲ್ಲಿ ಮಾಡುವಂಥ ಕೆಲಸವೇ ಇಲ್ಲ. ಚಿಕ್ಕಂದಿನಲ್ಲಿ ಪೋಲಿಯೋ ತಗುಲಿದ ಮೇಲೆ ನನ್ನ ಎಡಗಾಲೂ ಕೆಲಸ ಬಿಟ್ಟು ಕೂತಿದೆ. ಹೀಗಾಗಿ ನಮ್ಮಿಬ್ಬರ ಜೋಡಿ ಚೆನ್ನಾಗಿ ಕೂಡಿಬಂದಿದೆ. ಕಾರು ಹಳೆಯದು, ನನಗಿಂತ ಮೊದಲು ಇಬ್ಬರ ಕೈಯಲ್ಲಿ ಓಡಿದ್ದು. ಆದರೆ ತಾಂಡೂರಿನ ಪಶು ದವಾಖಾನೆಯಿಂದ ಲಸಿಕೆಯ ಐಸ್ ಡಬ್ಬಿ ಇಟ್ಟುಕೊಂಡು ದೌಲತಾಬಾದ್ ಕಡೆಯ ಕುರಿದೊಡ್ಡಿಗಳಿಗೆ ನಾನೊಬ್ಬಳೇ ಹೋಗಿ ಬರುವುದು ಅದರ ಬಲದಿಂದ. ಅದಿಲ್ಲದಿದ್ದರೆ ನನಗೆ ಆಫೀಸಿನ ಕುರ್ಚಿಯೇ ಗತಿ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವಳು ನಾನು. ಕುರ್ಚಿಯ ಮೇಲೆ ಕೂತು ಕುರಿಗಳ ಲೆಕ್ಕ ಬರೆಯುವ ಬಾಳು ನನಗೆ ಬೇಡ.

ಕರಣಕೋಟದ ಹತ್ತಿರ ಸಿಮೆಂಟ್ ಲಾರಿಗಳ ಹಿಂದೆ ತೆವಳುತ್ತಿದ್ದಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಸರ್ರನೆ ಮೇಲೇರಿತು. ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಸೀಳಿ ನೀರೆಲ್ಲ ಸುರಿದುಹೋಗಿತ್ತು. ಕಾರನ್ನು ಎಳೆಸಿಕೊಂಡು ತಾಂಡೂರಿನ ನಮ್ಮ ಮೆಕ್ಯಾನಿಕ್ ಬಳಿಗೆ ತಂದೆ. ನಾನು ಅವನನ್ನು ಉಸ್ತಾದ್ ಎನ್ನುತ್ತೇನೆ. ಕೈಗುಣವಿರುವ ಮನುಷ್ಯ, ಆದರೆ ಸುಲಭದ ದಾರಿ ಕಂಡರೆ ಅಲ್ಲಿಗೇ ವಾಲುತ್ತಾನೆ.

"ಇದೇ ಮಾಡಲ್ ಕ್ಲಚ್ ಇರೋ ಗೇರ್ ಗಾಡಿದು ರೇಡಿಯೇಟರ್ ಇಲ್ಲೇ ಸಿಗ್ತದ ಮೇಡಂ," ಅಂದ. "ನಟ್ಟು, ಪೈಪು ಎಲ್ಲಾ ಅದೇ. ನಾಳಿಗೇ ಕುಂದ್ರಿಸಿ ಕೊಡ್ತೀನಿ."

"ಗೇರ್ ಎಣ್ಣಿ ಪೈಪ್ ಎಲ್ಲಿ ಹಾಕ್ತೀ ಉಸ್ತಾದ್?"

"ಅವೆರಡೂ ಒಂದಕ್ಕೊಂದು ಜೋಡಿಸಿಬಿಡಾದು. ನಡೀತದ."

ನನಗೆ ಮೈಯೆಲ್ಲಾ ಉರಿಯಿತು. ಆಟೋಮ್ಯಾಟಿಕ್ ಗಾಡಿಯ ರೇಡಿಯೇಟರಿಗೆ ಎರಡು ಕೆಲಸ. ಎಂಜಿನ್ನಿನ ನೀರನ್ನೂ ಅದೇ ತಣಿಸಬೇಕು, ಗೇರಿನ ಎಣ್ಣೆಯನ್ನೂ ಅದೇ ತಣಿಸಬೇಕು. ಅದರ ಕೆಳಗಿನ ಟ್ಯಾಂಕಿನೊಳಗೆ ಎಣ್ಣೆಗೆಂದೇ ಒಂದು ಸಣ್ಣ ಕೊಳವೆ ಇರುತ್ತದೆ. ಅದಕ್ಕೆ ಹೊರಗೆ ಎರಡು ಬಾಯಿ. ಆ ಬಾಯಿಗಳಿಲ್ಲದ ರೇಡಿಯೇಟರ್ ಕೂರಿಸಿ ಪೈಪುಗಳನ್ನು ಒಂದಕ್ಕೊಂದು ಜೋಡಿಸಿದರೆ ಎಣ್ಣೆ ತಣಿಯದೆ ಕುದಿಯುತ್ತದೆ, ನಮ್ಮ ಕಡೆಯ ಬೇಸಿಗೆಯಲ್ಲಿ ಗೇರ್ ಡಬ್ಬಿಯೇ ಸುಟ್ಟುಹೋಗುತ್ತದೆ. "ನಡೀತದ ಅಂದ್ರ ಎಲ್ಲೀತನಕ? ದೌಲತಾಬಾದ್ ತನಕೋ, ಅರ್ಧ ದಾರಿ ತನಕೋ?" ಎಂದು ದಬಾಯಿಸಿದೆ. ಉಸ್ತಾದ್ ನಕ್ಕು, "ನೀವು ಬಿಡಾಂಗಿಲ್ಲ ಬಿಡ್ರಿ, ಖರೇದೇ ತರಸ್ರಿ" ಅಂದ. ಆಗಲೇ ನಾನು ಜಹೀರಾಬಾದಿಗೆ ಫೋನು ಮಾಡಿದ್ದು.

ತರಲು ಒಪ್ಪಿದವನು ನಮ್ಮಣ್ಣ. ನನ್ನ ತವರಾದ ನಾರಾಯಣಖೇಡದಲ್ಲಿ ಅವನದು ತೊಗರಿ, ಹೆಸರಿನ ವ್ಯಾಪಾರ. ಅವನ ಜೀಪಿನ ಹಿಂದೆ ಯಾವಾಗಲೂ ಒಂದೆರಡು ಖಾಲಿ ಚೀಲ ಬಿದ್ದಿರುತ್ತವೆ. ನಾನು ಸಣ್ಣವಳಿದ್ದಾಗ ಕುರಿಹಿಂಡು ಊರು ಬಿಟ್ಟು ಹೊರಟರೆ ಅವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, "ನಾ ಒಯ್ತೀನಿ ನಡ್ರಿ" ಎನ್ನುತ್ತಿದ್ದ. ಶಾಲೆಗೂ ಅವನೇ ಒಯ್ದ, ಪರೀಕ್ಷೆಗೂ ಅವನೇ ಒಯ್ದ. ಕೆಲಸ ಸಿಕ್ಕ ಮೇಲೂ ಮದುವೆ ಮುಂಜಿ ಬಂದರೆ ಫೋನಿನಲ್ಲಿ ಮೊದಲು ಬರುತ್ತಿದ್ದ ಮಾತು ಅದೇ. ಅಣ್ಣನೆಂದರೆ ನನಗೆ ಜೀವ. ಆದರೆ ಆ ಮಾತು ಕೇಳಿದರೆ ಆಗದು. ಒಯ್ಯುವುದು ತೊಗರಿ ಚೀಲವನ್ನು, ನನ್ನನ್ನಲ್ಲ. ಕಾರು ಕೊಂಡ ದಿನ ನಾನು ಅತ್ತಿದ್ದು ಇನ್ನು ನನ್ನನ್ನು ಯಾರೂ ಒಯ್ಯಬೇಕಿಲ್ಲವೆಂಬ ಸಂತೋಷಕ್ಕೆ.

ಅಣ್ಣ ಬಂದು ಚೀಲದಿಂದ ತೆಗೆದದ್ದು ಪುಟ್ಟದೊಂದು ರೇಡಿಯೇಟರ್, ಹೆಚ್ಚೆಂದರೆ ನಮ್ಮ ಅಡುಗೆಮನೆಯ ಕಿಟಕಿಯಷ್ಟು. ಸಾಮಾನು ಸಾಗಿಸುವ ಮೂರು ಗಾಲಿಯ ಆಟೋದ್ದು. ಉಸ್ತಾದ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೇಡಂ, ಇದು ಕುಂದ್ರಿಸಬೇಕಂದ್ರ ನಿಮ್ಮ ಗಾಡಿದು ಒಂದು ಗಾಲಿ ಕಡಿಮಿ ಮಾಡಬೇಕಾಗ್ತದ್ರಿ!"

ಅಣ್ಣ ನಗಲಿಲ್ಲ. "ನೋಡು ತಂಗೀ, ಈ ಗಾಡಿ ಸಾಮಾನು ಎಲ್ಲೂ ಸಿಗಾಂಗಿಲ್ಲ. ಮಾರಿಬಿಡು. ಗಿರಾಕಿ ನಾ ನೋಡೀನಿ. ಬ್ಯಾರೆ ಗಾಡಿ ತಗೊಂಡು ಒಬ್ಬ ಡ್ರೈವರ್‌ನ ಇಡ್ತೀನಿ, ಎಲ್ಲಿ ಬೇಕೋ ಅಲ್ಲಿಗಿ ಒಯ್ತಾನ."

ಮತ್ತೆ ಅದೇ ಮಾತು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಬಿಚ್ಚಿಟ್ಟಿದ್ದ ಹಳೆಯ ರೇಡಿಯೇಟರನ್ನು ಉಸ್ತಾದನಿಂದ ಎತ್ತಿಸಿ ಅಣ್ಣನ ಜೀಪಿನ ಹಿಂದೆ ಹಾಕಿಸಿದೆ. ಮುಂದಿನ ಸೀಟಿನಲ್ಲಿ ಕೂತು, "ನಡಿ ಜಹೀರಾಬಾದಿಗಿ" ಅಂದೆ. ಅವನು ಜೀಪು ಹೊರಡಿಸಿದ. ದಾರಿಯಲ್ಲಿ ಎರಡು ಕಡೆ ರಸ್ತೆಯ ಉಬ್ಬು ಕಾಣದೆ ಜೀಪು ಎತ್ತಿಹಾಕಿದ. "ಕಣ್ಣು ಎಲ್ಲಿಟ್ಟೀ?" ಎಂದು ಗದರಿದೆ. ಬಿಸಿಲೆಂದು ಏನೋ ಗೊಣಗಿದ.

ಅಂಗಡಿಯವನು ಹಳೆಯದನ್ನು ನೋಡಿದ ಕೂಡಲೇ ಹಣೆ ಬಡಿದುಕೊಂಡ. "ಆಟೋ ಅಂದ್ರಿ, ನಾ ಆಟೋದೇ ಕೊಟ್ಟೀನಿ. ಕ್ಲಚ್ ಇಲ್ದ ಗಾಡಿ ಅಂತ ಹೇಳಬೇಕಿತ್ರಿ ಅಕ್ಕಾ!" ಅವನ ಮಾತು ನ್ಯಾಯವೇ. ಒಳಗೆ ಹೋಗಿ ಎರಡು ರೇಡಿಯೇಟರ್ ತಂದು ಕಟ್ಟೆಯ ಮೇಲಿಟ್ಟ. ನೋಡಲು ಎರಡೂ ಅವಳಿಜವಳಿ, ಎರಡಕ್ಕೂ ಕೆಳಗಿನ ಟ್ಯಾಂಕಿನಲ್ಲಿ ಎಣ್ಣೆಯ ಬಾಯಿಗಳಿದ್ದವು. "ಎರಡೂ ಒಂದೇ," ಅಂದ.

ನಾನು ಹಾಗೆ ನಂಬುವವಳಲ್ಲ. ಹಳೆಯದನ್ನು ಪಕ್ಕದಲ್ಲಿಟ್ಟು ಅಗಲ, ಎತ್ತರ, ಕೂರುವ ಗೂಟ, ಫ್ಯಾನ್ ಕಟ್ಟುವ ಜಾಗ, ನೀರಿನ ಪೈಪು ಯಾವ ಮಗ್ಗುಲಿಗಿದೆ ಎಂಬುದನ್ನೆಲ್ಲ ಗೇಣು ಹಾಕಿ ನೋಡಿದೆ. ಆಮೇಲೆ ಸೆರಗಿನಿಂದ ಎಣ್ಣೆಯ ಒಂದು ಬಾಯಿ ಒರೆಸಿ, "ಅಣ್ಣಾ, ಆ ಕಡಿ ತೂತಿನ ಮುಂದ ಅಂಗೈ ಹಿಡಿ" ಅಂದೆ. ಕೆನ್ನೆ ಉಬ್ಬಿಸಿ ಊದಿದೆ. ಉಸಿರು ಒಳಗೆ ಹೋಗಲೇ ಇಲ್ಲ. ಅದು ಗೇರ್ ಗಾಡಿಯದು, ಟ್ಯಾಂಕಿನ ಅಚ್ಚು ಒಂದೇ ಆದ್ದರಿಂದ ಬರೀ ತೋರಿಕೆಗೆ ಬಾಯಿ ಬಿಟ್ಟುಕೊಂಡಿತ್ತು, ಒಳಗೆ ಕೊಳವೆ ಇರಲಿಲ್ಲ. ಅಂಗಡಿಯವನಿಗೂ ಅದು ಹೊಸ ವಿಷಯ. ಎರಡನೆಯದಕ್ಕೆ ಊದಿದೆ. ಅಂಗಡಿಗೆ ಬಂದವರೆಲ್ಲ ಸುತ್ತ ನಿಂತು ನೋಡುತ್ತಿದ್ದರು, ನಾನು ಲೆಕ್ಕಿಸಲಿಲ್ಲ.

"ಬಂತು!" ಅಂದ ಅಣ್ಣ. ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡು, "ಬಿಸಿ ಉಸಿರು ಬಂತು ನೋಡ್ರಿ" ಎಂದು ಅಕ್ಕಪಕ್ಕದವರಿಗೂ ಹೇಳಿದ. ಅದನ್ನೇ ಕಟ್ಟಿಸಿಕೊಂಡೆವು.

ಉಸ್ತಾದ್ ಅದನ್ನು ಕೂರಿಸಿ, ಕೂಲಂಟ್ ನೀರು ತುಂಬಿಸಿ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಡಿಸಿದ. ಗೇರಿನ ಎಣ್ಣೆ ಸೋರಿದ್ದಷ್ಟನ್ನು ತುಂಬಿ, ಕಡ್ಡಿ ಅದ್ದಿ ತೋರಿಸಿದ. ಶುದ್ಧ ಕೆಂಪು, ಸುಟ್ಟ ಗುರುತಿಲ್ಲ. ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕರಣಕೋಟದತ್ತ ಹೊರಟೆ. ಅದೇ ಲಾರಿಗಳು, ಅದೇ ತೆವಳಾಟ. ಮುಳ್ಳು ಮಾತ್ರ ನಡುವಿನಿಂದ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗೇರು ಬಿದ್ದದ್ದೇ ತಿಳಿಯದಷ್ಟು ನಯ. ನನ್ನ ಗಂಟಲಿನಲ್ಲಿ ಹಾಡು ಬರುವುದೊಂದು ಬಾಕಿ.

"ಈಗ ಹೇಳು, ಮಾರಬೇಕೇನ್?"

ಅಣ್ಣ ಕಣ್ಣುಜ್ಜಿಕೊಂಡ. "ಮಾರು ಅಂದದ್ದು ಗಾಡಿ ಕೆಟ್ಟದಂತಲ್ಲ ತಂಗೀ. ಎರಡೂ ಕಣ್ಣಾಗ ಪೊರಿ ಬಂದದಂತ. ಡಾಕ್ಟರ್ ಹೇಳ್ಯಾನ. ನಿನ್ನ ಗಾಡಿ ದಾರ್ಯಾಗ ನಿಂತ್ರ ಇನ್ನ ನಾ ಬರಾಕ ಆಗಾಂಗಿಲ್ಲಲ್ಲ, ಅದಕ್ಕ."

ರಸ್ತೆಯಲ್ಲಿ ಅವನಿಗೆ ಕಾಣದ ಆ ಉಬ್ಬುಗಳು ಈಗ ನನಗೆ ಕಂಡವು. ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ, ಆ ಕಣ್ಣಿನಲ್ಲಿ ಜೀಪು ಓಡಿಸಿದ್ದಕ್ಕೆ ಬಾಯಿಗೆ ಬಂದಂತೆ ಬೈದೆ. ಅವನು ಅಷ್ಟನ್ನೂ ಕೇಳಿಸಿಕೊಂಡು, ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸುತ್ತ ಮೆಲ್ಲಗೆ ಕೇಳಿದ.

"ಆಪರೇಷನ್ ಜಹೀರಾಬಾದಿನಾಗ. ನೀ ಒಯ್ತೀ ಏನ್ ನನ್ನ?"

ಮುಂದಿನ ಲಾರಿ ಸರಿದು ದಾರಿ ಬಿಟ್ಟಿತ್ತು. ಬಲಗಾಲನ್ನು ಆಕ್ಸಿಲರೇಟರಿನ ಮೇಲೆ ಮೆತ್ತಗೆ ಒತ್ತಿ, "ಒಯ್ತೀನಿ" ಅಂದೆ.