ಅಳತಿ ಇವತ್ತಿಂದು, ಅಂಗಿ ನಾಳಿಂದು

ದರ್ಜಿ ಈರಣ್ಣ ಮಾಸ್ತರು ಯಾರನ್ನೂ ಮುಖ ನೋಡಿ ಗುರುತು ಹಿಡಿದವರಲ್ಲ. ಅವರ ಕಣ್ಣು ಮೊದಲು ನಿಮ್ಮ ಭುಜದ ಮೇಲೆ ಬೀಳುತ್ತಿತ್ತು, ಆಮೇಲೆ ಮಣಿಕಟ್ಟಿನ ಮೇಲೆ, ಕೊನೆಗೆ ಮೊಣಕಾಲಿನ ಮೇಲೆ. ಅಷ್ಟರಲ್ಲಿ ನೀವು ಯಾರ ಮನೆಯವರು, ಹೋದ ಸಲಕ್ಕಿಂತ ಎಷ್ಟು ದಪ್ಪವಾಗಿದ್ದೀರಿ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರೋ ಇಲ್ಲವೋ ಎಲ್ಲವೂ ಅವರಿಗೆ ತಿಳಿದುಹೋಗುತ್ತಿತ್ತು. ಇಪ್ಪತ್ತು ವರ್ಷಗಳ ಮೇಲೆ ನಾನು ಬೆಳೆದ ಊರಾದ, ಆಂಧ್ರದ ಗಡಿಯ ರಾಯದುರ್ಗಕ್ಕೆ ಬಂದು ಅವರ ಅಂಗಡಿಯ ಮೆಟ್ಟಿಲು ಹತ್ತಿದಾಗ ಹೊಲಿಗೆ ಯಂತ್ರದಿಂದ ಅರೆ ತಲೆ ಎತ್ತಿ, "ಎಡಗಡಿ ಹೆಗಲು ಇನ್ನೂ ಇಳದೈತಲ್ಲವ್ವ. ಶಾರದಮ್ಮನ ಮಗಳಲ್ಲೇನು ನೀನು?" ಎಂದರು. ನನ್ನ ಹೆಗಲು ಇಳಿದಿದೆಯೆಂದು ನನಗೆ ಗೊತ್ತಾದದ್ದೇ ಅವತ್ತು.

ಮಡಕಶಿರಾ ಕಡೆಯ ಕನ್ನಡ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೇನೆ ಎಂದೆ. "ಹಂಗಾದ್ರ ಇನ್ನ ಬಹುವಚನ ಕೊಡಬೇಕ್ರಿ. ಕುಂದ್ರಿ," ಎಂದು ಸ್ಟೂಲು ಮುಂದಕ್ಕೆ ತಳ್ಳಿದರು. ಆಮೇಲೆ ಮೂರು ವರ್ಷ ಆ ಬಹುವಚನವನ್ನು ಅವರು ಒಂದು ಕೈಯಲ್ಲಿ ಕೊಟ್ಟು, ಸಿಟ್ಟು ಬಂದಾಗ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿದ್ದರು.

ನಿಜ ಹೇಳಬೇಕೆಂದರೆ ಚಿಕ್ಕಂದಿನಲ್ಲಿ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಯೂನಿಫಾರ್ಮಿನ ನೀಲಿ ಲಂಗವನ್ನು ಹೊಲಿಯುತ್ತಿದ್ದವರು ಅವರೇ. ಹೊಲಿದ ವರ್ಷ ಅದು ಗೋಣಿಚೀಲದ ಹಾಗೆ ಇರುತ್ತಿತ್ತು. ಅಮ್ಮ ಕೇಳಿದರೆ, "ಅಳತಿ ಇವತ್ತಿಂದು ಶಾರದವ್ವ, ಅಂಗಿ ನಾಳಿಂದು. ಬೆಳಿಯೋ ಹುಡುಗಿ. ಎರಡು ವರ್ಷಕ್ಕ ಮೋಸಿಲ್ಲ," ಎನ್ನುತ್ತಿದ್ದರು. ಲಂಗದ ಒಳಗಡೆ ಅಡ್ಡಲಾಗಿ ಮಡಿಕೆ ಹಿಡಿದು ಹೊಲಿದಿರುತ್ತಿದ್ದರು. ನಾನು ಬೆಳೆದಂತೆ ಒಂದೊಂದೇ ಮಡಿಕೆ ಬಿಚ್ಚಬೇಕು. ಎರಡು ವರ್ಷ ಎಂದದ್ದು ಮೂರು ವರ್ಷ ಬರುತ್ತಿತ್ತು. ಅಮ್ಮನಿಗೆ ಆನಂದವೋ ಆನಂದ. ಆದರೆ ಬಿಚ್ಚಿದ ಮಡಿಕೆಯ ಬಟ್ಟೆ ಬಿಸಿಲು ಕಂಡಿರುವುದಿಲ್ಲ, ಸೋಪು ಕಂಡಿರುವುದಿಲ್ಲ. ಮಾಸಿದ ಲಂಗದ ನಡುವೆ ಅದೊಂದೇ ಕಡುನೀಲಿ ಪಟ್ಟೆಯಾಗಿ ಎದ್ದು ಕಾಣುತ್ತಿತ್ತು. ತರಗತಿಯಲ್ಲಿ ನನ್ನ ಹೆಸರೇ ಪಟ್ಟೆ ಲಂಗ ಎಂದಾಯಿತು. ಆ ಹೆಸರಿಗೆ ನಾನು ಎಷ್ಟು ಅತ್ತಿದ್ದೇನೆಂದು ಮಾಸ್ತರಿಗೆ ಕೊನೆಯವರೆಗೂ ಹೇಳಲಿಲ್ಲ.

ಅವರನ್ನು ಮತ್ತೆ ಹುಡುಕಿಕೊಂಡು ಹೋದದ್ದು ಒಂದು ಸಿನಿಮಾ ಹುಚ್ಚಿನಿಂದ. ಶಾಲೆಗಳ ಗ್ರಂಥಾಲಯದಲ್ಲಿ ಓದಿ ಓದಿ ರಟ್ಟು ಕಿತ್ತುಹೋಗಿರುತ್ತದಲ್ಲ, ಅಂಥ ಒಂದು ಹಳೆಯ ಮಕ್ಕಳ ಕಾದಂಬರಿ. ಕಳೆದುಹೋದ ಕುರಿಮರಿಯನ್ನು ಹುಡುಕುತ್ತ ಒಬ್ಬ ಹುಡುಗಿ ಬಂಡೆಯ ಸಂದಿಯೊಳಗೆ ನುಗ್ಗಿ, ಹೊತ್ತು ಮುಳುಗದ ಊರಿಗೆ ಬಂದುಬಿಡುತ್ತಾಳೆ. ಅಲ್ಲಿನ ರಾಜ ಸೂರ್ಯನನ್ನು ನೆತ್ತಿಯ ಮೇಲೆ ನಿಲ್ಲಿಸಿದ್ದಾನೆ. ಅಲ್ಲಿ ಯಾರೂ ಬೆಳೆಯುವುದಿಲ್ಲ, ಯಾರೂ ಮುದುಕರಾಗುವುದಿಲ್ಲ. ಇಡೀ ಕಥೆ ನಡೆಯುವುದು ಒಂದೇ ಮಧ್ಯಾಹ್ನದಲ್ಲಿ. ಅದನ್ನು ಸಿನಿಮಾ ಮಾಡುತ್ತೇನೆಂದು ನಾನು, ಕ್ಯಾಮೆರಾ ಹಿಡಿಯುತ್ತೇನೆಂದು ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ನಮಗೆ ಬಿಡುವು ಸಿಗುವುದು ದಸರಾ ರಜೆ, ಬೇಸಿಗೆ ರಜೆಯಲ್ಲಿ ಮಾತ್ರ. ಕಥೆಯ ಒಂದು ಮಧ್ಯಾಹ್ನಕ್ಕೆ ನಮಗೆ ನಾಲ್ಕು ದಸರಾ ಹಿಡಿಯುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ನಾಯಕಿಯಾಗಿ ಸಿಕ್ಕವಳು ಅಮರಾಪುರದ ಗಂಗಾ. ಕುರಿ ಸಾಕುವವರ ಮನೆಯ ಹುಡುಗಿ, ಐದನೆಯ ತರಗತಿ. ಬಂಡೆ ಹತ್ತುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಾದಂಬರಿಯ ಹುಡುಗಿ ತೊಡುವುದು ಆಕಾಶ ಬಣ್ಣದ ಫ್ರಾಕು. ಮಾಸ್ತರಿಗೆ ಕಥೆ ಹೇಳಿ, ತೆಳುವಾದ ರೇಷ್ಮೆಯಂಥ ಬಟ್ಟೆ ಬೇಕೆಂದೆ. ಗಂಗಾ ಅಂಗಡಿಯ ಮೂಲೆಯಲ್ಲಿ ನಿಂತು ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು. ಅವರು ಅವಳ ಮೊಣಕಾಲಿನ ಗಾಯದ ಗುರುತುಗಳನ್ನು ನೋಡಿದರು.

"ಈ ಹುಡುಗಿ ಗುಡ್ಡ ಹತ್ತಾಕಿ. ಇಕಿಗೆ ರೇಷ್ಮಿ ಯಾಕ್ರಿ? ಜೀನ್ಸ್ ಬಟ್ಟಿ ಹಾಕ್ತೀನಿ."

ಅರ್ಧ ಊರೇ ಜೀನ್ಸ್ ಹೊಲಿಯುವ ರಾಯದುರ್ಗದಲ್ಲಿ ಬೇರೆ ಏನು ಹೇಳಿಯಾರು! ಅವರು ಮೂವತ್ತು ವರ್ಷ ಹಗಲು ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದು, ಸಂಜೆ ಈ ಅಂಗಡಿ ನಡೆಸಿದವರು. ನಾನು ಮುಖ ಸಿಂಡರಿಸಿದ್ದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಟೇಪು ಹಿಡಿದು "ಇರವೈ ಆರು" ಎಂದು ಇಪ್ಪತ್ತಾರು ಇಂಚಿನ ಅಳತೆಯನ್ನು ತೆಲುಗಿನಲ್ಲಿ ಹೇಳಿಕೊಂಡರು. ಅವರದು ಅಳತೆಯೆಲ್ಲ ತೆಲುಗಿನಲ್ಲಿ, ಬೈಗುಳವೆಲ್ಲ ಕನ್ನಡದಲ್ಲಿ.

ಫ್ರಾಕು ಚೆನ್ನಾಗಿಯೇ ಬಂತು. ತೆಳು ಜೀನ್ಸಿನಲ್ಲಿ ನೀಲಿ ತುಸು ಹೆಚ್ಚೇ ಎನ್ನಿಸಿದರೂ ಕ್ಯಾಮೆರಾದಲ್ಲಿ ಅಂದವಾಗಿ ಕಂಡಿತು. ಒಳಗೆ ಎರಡು ಮಡಿಕೆ ಹಿಡಿದಿದ್ದರು, ಬಗಲಲ್ಲೂ ಬಟ್ಟೆ ಬಿಟ್ಟಿದ್ದರು. ಗಂಗಾಳದು ಒಂದೇ ದೂರು: "ತಾತ, ಅಂಚು ದಪ್ಪ ಐತೆ. ಓಡಿದ್ರೆ ಮಂಡಿಗೆ ಬಡಿತೈತೆ."

"ಗುಡ್ಡದ ಮ್ಯಾಲೆ ಗಾಳಿ ಇರ್ತತವ್ವ. ಫ್ರಾಕು ಹಾರಬಾರ್ದು. ಅದಕ್ಕ ಭಾರ," ಎಂದರು ಮಾಸ್ತರು. ಅದೂ ಸರಿ ಎನ್ನಿಸಿತು.

ಮೊದಲ ದಸರಾದಲ್ಲಿ ಮಡಕಶಿರಾದ ಬೆಟ್ಟದ ಬಂಡೆಗಳಲ್ಲಿ ಕಥೆಯ ಮೊದಲ ಭಾಗ ತೆಗೆದೆವು. ಬೇಸಿಗೆಯಲ್ಲಿ ಇನ್ನಷ್ಟು. ಎರಡನೆಯ ದಸರಾಕ್ಕೆ ಗಂಗಾ ಫ್ರಾಕು ತೊಟ್ಟು ಬಂದಾಗ ಡ್ರಾಯಿಂಗ್ ಮೇಷ್ಟ್ರು ಕ್ಯಾಮೆರಾ ಕೆಳಗಿಟ್ಟರು. ಹುಡುಗಿ ನಾಲ್ಕು ಬೆರಳು ಬೆಳೆದಿದ್ದಳು. ಬಂಡೆಯ ಸಂದಿಯೊಳಗೆ ನುಗ್ಗಿದವಳೇ ಬೇರೆ, ಆಚೆಗೆ ಬಂದವಳೇ ಬೇರೆ ಎನ್ನುವಂತಿತ್ತು. ನಾನು ಅಲ್ಲಿಯೇ, ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂಬ ಪರಿವೆಯೂ ಇಲ್ಲದೆ, ಇವಳ ಬದಲು ಚಿಕ್ಕ ಹುಡುಗಿಯನ್ನು ಹುಡುಕಿ ಮೊದಲಿನಿಂದ ತೆಗೆಯುವುದೇ ವಾಸಿ ಎಂದುಬಿಟ್ಟೆ.

ಅವತ್ತಿನಿಂದ ಗಂಗಾ ಮೊಣಕಾಲು ಮಡಿಸಿ ನಿಲ್ಲತೊಡಗಿದಳು. ನಡೆಯುವಾಗಲೂ ಕುಗ್ಗಿಯೇ ನಡೆಯುತ್ತಿದ್ದಳು. ನಾನು ಗಮನಿಸಿದೆ, ಆದರೆ ಏನೋ ಆಟ ಎಂದುಕೊಂಡೆ. ಟೀಚರ್ ಎಂದು ಹೇಳಿಕೊಳ್ಳಲು ನಾಚಿಕೆಯಾಗಬೇಕು ನನಗೆ.

ಅವಳನ್ನು ಕರೆದುಕೊಂಡು ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ರಾಯದುರ್ಗಕ್ಕೆ ಹೋದೆ. ಮಾಸ್ತರು ಒಂದು ಮಡಿಕೆ ಬಿಚ್ಚಿ ಇಸ್ತ್ರಿ ಹಾಕಿದರು. ಉದ್ದ ಸರಿಹೋಯಿತು. ಆದರೆ ಎರಡು ರಜೆಯ ಬಿಸಿಲಲ್ಲಿ, ಒಗೆತದಲ್ಲಿ ಮಾಸಿದ ಜೀನ್ಸಿನ ಮಧ್ಯೆ, ಬೆರಳಗಲದ ಕಡುನೀಲಿ ಪಟ್ಟೆ. ನನ್ನ ಹಳೆಯ ಲಂಗವೇ ಎದುರಿಗೆ ಬಂದು ನಿಂತಂತಾಯಿತು.

"ಮಾಸ್ತರ, ಇದು ಕಾಣ್ತತಿ," ಎಂದೆ. ಅವರ ಮುಂದೆ ನನ್ನ ನಾಲಿಗೆಯೂ ರಾಯದುರ್ಗಕ್ಕೆ ತಿರುಗುತ್ತಿತ್ತು.

"ಕಾಣ್ಲಿ ಬಿಡ್ರಿ. ಹೊಸ ಬಟ್ಟಿ, ಕಾಣ್ಲಾರದ ಇರ್ತತೇನು?"

"ಕಥಿಯೊಳಗ ಒಂದೇ ಮಧ್ಯಾಹ್ನ ನಡಿಯೋದು. ಒಂದು ಮಧ್ಯಾಹ್ನದಾಗ ಫ್ರಾಕಿಗೆ ಪಟ್ಟಿ ಹೆಂಗ ಬರ್ತತಿ?"

"ಒಂದೇ ಮಧ್ಯಾಹ್ನ ಅಂತ ಪುಸ್ತಕಕ್ಕ ಗೊತ್ತೈತಿ. ಮೊಣಕಾಲಿಗೆ ಗೊತ್ತಿಲ್ಲ."

ನನಗೆ ರೇಗಿತು. ಹೀಗಾದರೆ ಈ ಹುಡುಗಿಯೂ ಬೇಡ, ಈ ಫ್ರಾಕೂ ಬೇಡ, ಎಲ್ಲ ಹೊಸದಾಗಿ ಮಾಡುತ್ತೇನೆ ಎಂದೆ. ಮಾಸ್ತರು ಟೇಪು ಹಿಡಿದು ಗಂಗಾಳ ಮುಂದೆ ಕೂತರು. ಒಮ್ಮೆ ಅಳೆದರು, ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಅಳೆದರು. ಆಮೇಲೆ ಫ್ರಾಕಿನ ಮೇಲಿಂದಲೇ ಅವಳ ಮೊಣಕಾಲು ಮುಟ್ಟಿ ನೋಡಿದರು.

"ಯಾಕವ್ವ ಕಾಲು ಮಡಚೀದಿ? ನೆಟ್ಟಗ ನಿಂದ್ರು. ಅಳತಿ ಸುಳ್ಳಾಗ್ತತಿ."

ಗಂಗಾ ನೆಟ್ಟಗಾಗಲಿಲ್ಲ. ನನ್ನ ಕಡೆ ನೋಡಿ, "ನೆಟ್ಟಗೆ ನಿಂತ್ರೆ ಬ್ಯಾರೆ ಹುಡ್ಗೀನ ಕರ್ಕಂಬತ್ತೀರಾ ಮೇಡಂ?" ಎಂದಳು.

ಮಾಸ್ತರು ನನ್ನ ಕಡೆ ತಿರುಗಿದರು. ಬಹುವಚನ ಹೋಗಿತ್ತು. "ಏನು ಕಲಿಸ್ತೀ ನೀನು ಸಾಲ್ಯಾಗ? ಹುಡುಗ್ರಿಗೆ ಬೆಳಿಬ್ಯಾಡ್ರಿ ಅಂತ ಕಲಿಸ್ತೀಯೇನು?"

ಅವರು ಯಂತ್ರದ ಮುಂದೆ ಹೋಗಿ ಕೂತು ದಾರ ಪೋಣಿಸುತ್ತ, ತಮಗೆ ತಾವೇ ಹೇಳಿಕೊಳ್ಳುವಂತೆ ಇನ್ನೊಂದು ಮಾತು ಹೇಳಿದರು: "ಯಾರೂ ಬೆಳೀಬಾರ್ದು ಅಂತ ಆ ರಾಜ ಹೇಳ್ಯಾನ, ಸರಿ. ಹೊರಗಿಂದ ಬಂದ ಹುಡುಗಿಗೆ ಯಾಕ ಆ ಕಾನೂನು? ಇಕಿ ಬಟ್ಟಿ ನನ್ನ ಊರಾಗ ಹೊಲ್ದದ್ದು."

ಮಡಕಶಿರಾಕ್ಕೆ ವಾಪಸಾಗುವ ಬಸ್ಸಿನಲ್ಲಿ ಗಂಗಾ ನನ್ನ ತೋಳಿಗೊರಗಿ ನಿದ್ದೆಹೋಗಿದ್ದಳು. ನಾನು ಆ ಪಟ್ಟೆಯನ್ನು ನೋಡುತ್ತ ಕೂತಿದ್ದೆ. ಎಲ್ಲರೂ ನಿಂತುಹೋದ ಊರಿನಲ್ಲಿ ಇವಳೊಬ್ಬಳು ಬೆಳೆಯುತ್ತಿದ್ದಾಳೆ. ರಾಜನ ಊರಿನ ಒಂದೊಂದು ಬಾಗಿಲು ದಾಟಿದಾಗಲೂ ಇವಳ ಫ್ರಾಕಿನಲ್ಲಿ ಒಂದು ಪಟ್ಟೆ ಮೂಡುತ್ತದೆ. ಅದನ್ನು ಕಂಡ ರಾಜ ಮೊದಲ ಸಲ ಹೆದರುತ್ತಾನೆ. ಕಾದಂಬರಿಯಲ್ಲಿ ಇದು ಎಲ್ಲಿಯೂ ಇಲ್ಲ. ಆದರೆ ಕಲ್ಯಾಣದುರ್ಗ ಬರುವಷ್ಟರಲ್ಲಿ ನಮ್ಮ ಸಿನಿಮಾ ಇದೇ ಎಂದು ನನಗೆ ಖಾತ್ರಿಯಾಗಿತ್ತು. ಮರುದಿನ ಗಂಗಾಳಿಗೆ, "ಎಷ್ಟು ಬೇಕಾದರೂ ಬೆಳೆಯೇ," ಎಂದೆ. ಅವಳು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು.

ಮೂರನೆಯ ವರ್ಷ ಎರಡನೆಯ ಮಡಿಕೆ ಬಿಚ್ಚಿಸಲು ಹೋದಾಗ ಮಾಸ್ತರು ಬಹಳ ಇಳಿದುಹೋಗಿದ್ದರು. ಯಂತ್ರ ತುಳಿಯಲು ಉಸಿರು ಸಾಲದು, ಕೈಯಲ್ಲೇ ಹೊಲಿಗೆ ಬಿಡಿಸುತ್ತಿದ್ದರು. ತಾವು ತೊಟ್ಟಿದ್ದ ಅಂಗಿಯ ಕೊರಳಲ್ಲಿ ಎರಡು ಬೆರಳು ತೂರಿಸಿ ತೋರಿಸಿ, "ನೋಡ್ರಿ, ಹಳೇ ಅಂಗಿ ನಾಳಿಂದಾಗೈತಿ," ಎಂದು ನಕ್ಕರು. ಸಿನಿಮಾ ಎಲ್ಲಿಗೆ ಬಂತೆಂದು ಕೇಳಿದರು. ಕೊನೆಯ ದೃಶ್ಯವೊಂದು ಉಳಿದಿದೆ, ಹುಡುಗಿ ಮರಿಯನ್ನೆತ್ತಿಕೊಂಡು ಆಚೆಗೆ ಬರುವುದು, ಆಗ ಸೂರ್ಯ ಮುಳುಗುವುದು ಎಂದೆ. ಮೋಡ ಕವಿದು ಎರಡು ಸಲ ಕೈಕೊಟ್ಟಿದೆ ಎಂದೂ ಹೇಳಿದೆ. ಗಂಗಾ ಅವರ ಪಾದ ಮುಟ್ಟಿದಾಗ, "ನೆಟ್ಟಗ ನಿಂದ್ರು," ಎಂದರು.

"ಮಡಿಕಿ ಎರಡೂ ಮುಗದಾವಲ್ಲ ಮಾಸ್ತರ, ಈಕಿ ಇನ್ನೂ ಬೆಳದ್ರ?" ಎಂದು ಹೊರಡುವಾಗ ಕೇಳಿದೆ.

"ಎರಡು ವರ್ಷಕ್ಕ ಮೋಸಿಲ್ಲ ಅಂತ ನಿಮ್ಮವ್ವಗೂ ಅಂದಿದ್ನಲ್ರಿ," ಎಂದರು. ಅಷ್ಟೇ ಅಂದರು.

ಆ ವರ್ಷವೂ ಮೋಡ. ಮುಂದಿನ ದಸರಾಕ್ಕೆ ಮೊದಲೇ ಮಾಸ್ತರು ಹೋಗಿಬಿಟ್ಟರು. ರಾಯದುರ್ಗಕ್ಕೆ ಹೋಗಿ ನೋಡಿದರೆ ಅಂಗಡಿಯ ಬಾಗಿಲು ಹಾಕಿತ್ತು. ಅವತ್ತು ನಾನು ಅತ್ತದ್ದು ಅವರಿಗಾಗಿಯೋ, ಕೊನೆಯ ದೃಶ್ಯ ಇಲ್ಲದೆ ನಿಂತ ನನ್ನ ಸಿನಿಮಾಕ್ಕಾಗಿಯೋ, ಬೇರ್ಪಡಿಸಿ ಹೇಳಲಾರೆ.

ರಜೆಯ ಮೊದಲ ದಿನ ಆಕಾಶ ತಿಳಿಯಾಗಿತ್ತು. ಎಂಟನೆಯ ತರಗತಿಯ ಗಂಗಾ ಫ್ರಾಕು ತೊಟ್ಟು ಬೆಟ್ಟದ ಬಂಡೆಯ ಬಳಿ ನಿಂತಿದ್ದಳು. ಎರಡು ಪಟ್ಟೆ ದಾಟಿಯೂ ಅಂಚು ಮೊಣಕಾಲಿನ ಮೇಲಕ್ಕೇ ಇತ್ತು. ಹೊತ್ತು ಮುಳುಗಲು ಇನ್ನು ಒಂದು ಗಂಟೆ. ಏನೂ ಮಾಡುವಂತಿಲ್ಲ, ಹೀಗೆಯೇ ತೆಗೆದುಬಿಡೋಣ ಎಂದು ನಾನು ಹೇಳುತ್ತಿರುವಾಗ ಅವಳು ಬಂಡೆಯ ಮೇಲೆ ಕೂತು, ಹಿಂದೆ ಮಂಡಿಗೆ ಬಡಿಯುತ್ತಿದ್ದ ಆ ದಪ್ಪ ಅಂಚನ್ನು ಉಗುರಿನಿಂದ ಕೆದಕುತ್ತಿದ್ದಳು.

"ಮೇಡಂ, ಇಲ್ಲಿ ನೋಡ್ರಿ. ಇದು ಬರೀ ಅಂಚಲ್ಲ."

ಅಂಚಿನೊಳಗೆ ಮಾಸ್ತರು ಬಟ್ಟೆಯನ್ನು ಸುತ್ತಿ ಸುತ್ತಿ ಇಟ್ಟಿದ್ದರು. ಹೊರಗಿನ ಹೊಲಿಗೆ ನೀಲಿ ದಾರದ್ದು, ಗಟ್ಟಿ. ಒಳಗಿನದು ಬಿಳಿ ದಾರದ ಕಚ್ಚಾ ಹೊಲಿಗೆ. ಹೊಲಿಗೆ ಬಾರದವರೂ ಎಳೆದರೆ ಬಿಚ್ಚಿಬರುವಂಥದ್ದು. ಡ್ರಾಯಿಂಗ್ ಮೇಷ್ಟ್ರು ಪೆನ್ಸಿಲ್ ಹೆರೆಯುವ ಬ್ಲೇಡು ಕೊಟ್ಟರು. ನೀಲಿ ದಾರವನ್ನು ನಾನು ಕತ್ತರಿಸಿದೆ, ಬಿಳಿಯದನ್ನು ಗಂಗಾ ಎಳೆದಳು. ನಾಲ್ಕು ಬೆರಳಗಲದ ಬಟ್ಟೆ ಮೊಣಕಾಲಿನ ಕೆಳಕ್ಕೆ ಇಳಿದು ನಿಂತಿತು. ಮೂರು ವರ್ಷದ ಹಿಂದೆ ಅಂಗಡಿಯಲ್ಲಿ ನೋಡಿದಷ್ಟೇ ನೀಲಿ.

ಗಂಗಾ ಎದ್ದು, ಮರಿಯನ್ನು ಎತ್ತಿಕೊಂಡು, ನೆಟ್ಟಗೆ ನಿಂತಳು.